ರ‍್ಯಾಮ್ ಹೆಚ್ಚಿಸುವುದು ಹೇಗೆ: ಆಯ್ಕೆಯಿಂದ ಪರೀಕ್ಷೆಯವರೆಗೆ ಸಮಗ್ರ ಮಾರ್ಗದರ್ಶಿ

ರ‍್ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಕೂರಿಸುವುದು ಕಾಲು ಗಂಟೆಯ ಕೆಲಸ. ಯಾವ ರ‍್ಯಾಮ್ ಕೂರುತ್ತದೆ ಎಂದು ಗೊತ್ತುಮಾಡಿಕೊಳ್ಳುವುದಕ್ಕೇ ಹೆಚ್ಚು ಹೊತ್ತು ಬೇಕು, ದುಡ್ಡು ಹಾಳಾಗುವುದೂ ಅಲ್ಲೇ. ‘ಎಂಟು ಜಿಬಿ ರ‍್ಯಾಮ್ ಕೊಡಿ’ ಎಂದಷ್ಟೇ ಕೇಳಿ ತಂದರೆ ಕಚ್ಚು (ಪಿನ್ನುಗಳ ನಡುವಿನ ಸಂದು) ಹೊಂದುವುದಿಲ್ಲ, ಹೊಂದಿದರೂ ಡಿಸ್‌ಪ್ಲೇ ಬರುವುದಿಲ್ಲ, ಬಂದರೂ ಎರಡು ದಿನಕ್ಕೊಮ್ಮೆ ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತದೆ. ಬೇಕಾದ ಮಾಹಿತಿಯೆಲ್ಲ ನಿಮ್ಮ ಕಂಪ್ಯೂಟರಿನ ಒಳಗೇ ಬರೆದಿರುತ್ತದೆ. ಅಂಗಡಿಗೆ ಹೋಗುವ ಮೊದಲು ಅದನ್ನು ಓದಿಕೊಳ್ಳಿ.

ಮೊದಲು, ರ‍್ಯಾಮ್ ನಿಜಕ್ಕೂ ಸಾಲುತ್ತಿಲ್ಲವೇ?

ಕಂಪ್ಯೂಟರ್ ನಿಧಾನವಾದದ್ದಕ್ಕೆಲ್ಲ ರ‍್ಯಾಮ್ ಕಾರಣವಲ್ಲ. ದಿನನಿತ್ಯದ ಕೆಲಸವನ್ನೆಲ್ಲ ತೆರೆದಿಟ್ಟುಕೊಳ್ಳಿ: ಬ್ರೌಸರಿನ ಹತ್ತಿಪ್ಪತ್ತು ಟ್ಯಾಬ್, ಎಕ್ಸೆಲ್ ಫೈಲು, ನುಡಿ ಹಾಕಿಕೊಂಡು ಪೇಜ್‌ಮೇಕರ್ ಅಥವಾ ಕೋರಲ್‌ಡ್ರಾ, ಹೀಗೆ ಯಾವುದಿದ್ದರೆ ಅದು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ವಿಭಾಗದ ‘ಮೆಮೊರಿ’ ಒತ್ತಿ.

ಅಲ್ಲಿ ಕಾಣುವ ಶೇಕಡಾವಾರು ಅಂಕಿಯೊಂದನ್ನೇ ನಂಬಬೇಡಿ. 8 ಜಿಬಿ ಯಂತ್ರ ಆಗತಾನೇ ಆನ್ ಆಗಿ ಅರ್ಧದಷ್ಟು ರ‍್ಯಾಮ್ ಬಳಸುತ್ತಿದ್ದರೆ ಅದು ಸಹಜವೇ. ಅದಕ್ಕಿಂತ ಚೆನ್ನಾಗಿ ನಿಜ ಹೇಳುವುದು ‘ಕಮಿಟೆಡ್’ ಎಂಬ ಸಾಲು. ಅದರಲ್ಲಿ 11.2/13.5 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಪ್ರೋಗ್ರಾಮುಗಳೆಲ್ಲ ಸೇರಿ ಕೇಳಿಕೊಂಡಿರುವ ಮೆಮೊರಿ, ಎರಡನೆಯದು ರ‍್ಯಾಮ್ ಮತ್ತು ಡಿಸ್ಕಿನ ಪೇಜ್ ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಎರಡೂ ಸೇರಿದ ಮಿತಿ. ಕೇಳಿಕೊಂಡದ್ದನ್ನೆಲ್ಲ ಪ್ರೋಗ್ರಾಮುಗಳು ಒಮ್ಮೆಲೇ ಬಳಸುವುದಿಲ್ಲ, ನಿಜ. ಆದರೂ 8 ಜಿಬಿ ಯಂತ್ರದಲ್ಲಿ ಮೊದಲ ಸಂಖ್ಯೆ ಸದಾ 11ರ ಆಚೆಗೇ ಇದ್ದು, ‘ಇನ್ ಯೂಸ್’ ಶೇ 85ರಿಂದ ಕೆಳಗಿಳಿಯದಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಎಂದೇ ಅರ್ಥ.

ಅದೇ ಪರದೆಯಲ್ಲಿ ‘ಡಿಸ್ಕ್’ ಕೂಡ ಒತ್ತಿ ನೋಡಿ. ಅಲ್ಲಿ ಎಚ್‌ಡಿಡಿ ಎಂದಿದ್ದರೆ, ಅಂದರೆ ವಿಂಡೋಸ್ ಇನ್ನೂ ತಿರುಗುವ ಹಾರ್ಡ್ ಡಿಸ್ಕಿನಿಂದಲೇ ನಡೆಯುತ್ತಿದ್ದರೆ, ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. 4 ಜಿಬಿ ಯಂತ್ರದಲ್ಲೂ ಇದೇ ಮಾತು. ಹಳೆಯ ಹಾರ್ಡ್ ಡಿಸ್ಕ್ ಇಟ್ಟುಕೊಂಡು 16 ಜಿಬಿ ರ‍್ಯಾಮ್ ಹಾಕಿದವರಿಗೆ ನಿರಾಸೆಯಾಗುವುದೇ ಹೆಚ್ಚು.

ಎಷ್ಟು ಬೇಕು? ವಿಂಡೋಸ್ 11 ಕೇಳುವ ಕನಿಷ್ಠ 4 ಜಿಬಿ ಕಾಗದದ ಮೇಲಷ್ಟೇ ಸರಿ. ಆಫೀಸು, ಬ್ರೌಸರ್, ಆನ್‌ಲೈನ್ ತರಗತಿಗೆ 8 ಜಿಬಿಯಲ್ಲಿ ಹೇಗೋ ನಡೆಯುತ್ತದೆ, 16 ಜಿಬಿಯಲ್ಲಿ ನಿರಾಳ. ಆಂಡ್ರಾಯ್ಡ್ ಸ್ಟುಡಿಯೊ, ವರ್ಚುವಲ್ ಮಷೀನ್, ವಿಡಿಯೊ ಎಡಿಟಿಂಗ್ ಮಾಡುವವರು 32ಕ್ಕೆ ಹೋಗಬಹುದು. ಅದಕ್ಕೂ ಮೇಲೆ ಬೇಕಾದವರಿಗೆ ತಮಗೆ ಏಕೆ ಬೇಕೆಂಬುದು ಸಾಮಾನ್ಯವಾಗಿ ಗೊತ್ತೇ ಇರುತ್ತದೆ.

ಯಂತ್ರದೊಳಗೆ ಈಗ ಏನಿದೆ?

ಟಾಸ್ಕ್ ಮ್ಯಾನೇಜರಿನ ‘ಮೆಮೊರಿ’ ಪುಟದಲ್ಲಿ ಕೆಳಗೆ ಮೂರು ಸಾಲುಗಳಿವೆ: ಸ್ಪೀಡ್, ಸ್ಲಾಟ್ಸ್ ಯೂಸ್ಡ್, ಫಾರ್ಮ್ ಫ್ಯಾಕ್ಟರ್. ಸ್ಲಾಟು, ಅಂದರೆ ರ‍್ಯಾಮ್ ಪಟ್ಟಿ (ಸ್ಟಿಕ್) ಕೂರುವ ಜಾಗ, ‘2ರಲ್ಲಿ 1’ ಎಂದಿದ್ದರೆ ಒಂದು ಖಾಲಿ ಇದೆ. ಫಾರ್ಮ್ ಫ್ಯಾಕ್ಟರ್ ಎದುರು ‘ಎಸ್‌ಒಡಿಐಎಂಎಂ’ ಎಂದಿದ್ದರೆ ಲ್ಯಾಪ್‌ಟಾಪಿನ ಚಿಕ್ಕ ಸ್ಟಿಕ್, ‘ಡಿಐಎಂಎಂ’ ಎಂದಿದ್ದರೆ ಡೆಸ್ಕ್‌ಟಾಪಿನ ಉದ್ದದ ಸ್ಟಿಕ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಚಿಪ್ಪುಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಅಂಥ ಯಂತ್ರಗಳಲ್ಲಿ ಈ ಸ್ಲಾಟ್ ಲೆಕ್ಕ ತಪ್ಪುವುದುಂಟು, ಹಾಗಾಗಿ ಮ್ಯಾನ್ಯುಯಲ್ ನೋಡದೆ ಮುಂದುವರಿಯಬೇಡಿ.

ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಎಲ್‌ಪಿಡಿಡಿಆರ್ ಎಂದು ಶುರುವಾಗುವ ಮೆಮೊರಿ ಇದ್ದರೆ ಅದು ಸಾಮಾನ್ಯವಾಗಿ ಬೆಸೆದದ್ದೇ, ಹೆಚ್ಚಿಸಲು ಬರುವುದಿಲ್ಲ. ಮ್ಯಾಕ್‌ಬುಕ್ ಏರ್‌ನ ರ‍್ಯಾಮ್ ಬದಲಿಸಲು ಎಂದೂ ಆಗುತ್ತಿರಲಿಲ್ಲ. 2020ರಿಂದ ಬಂದ ಎಂ ಸರಣಿಯ ಮ್ಯಾಕ್‌ಗಳಲ್ಲಂತೂ ಮೆಮೊರಿ ಪ್ರೊಸೆಸರಿನ ಪ್ಯಾಕೇಜಿನಲ್ಲೇ ಇರುತ್ತದೆ. ಇನ್ನು ಕೆಲವು ಲ್ಯಾಪ್‌ಟಾಪುಗಳು ಮಿಶ್ರ ಜಾತಿ: 4 ಅಥವಾ 8 ಜಿಬಿ ಬೆಸೆದಿದ್ದು, ಜೊತೆಗೆ ಒಂದು ಸ್ಲಾಟ್ ಕೊಟ್ಟಿರುತ್ತಾರೆ.

ಸಿಪಿಯು-ಜೆಡ್ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಂಡರೆ ಇನ್ನೂ ವಿವರ ಸಿಗುತ್ತದೆ. ಅದರ ‘ಎಸ್‌ಪಿಡಿ’ ಟ್ಯಾಬಿನಲ್ಲಿ ಪ್ರತಿ ಸ್ಲಾಟಿನ ಸ್ಟಿಕ್ಕಿನ ಗಾತ್ರ, ತಯಾರಕರು, ಪಾರ್ಟ್ ನಂಬರ್, ರ‍್ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ಗುಂಪು) ಎಲ್ಲವೂ ಕಾಣುತ್ತವೆ. ‘ಮೆಮೊರಿ’ ಟ್ಯಾಬಿನಲ್ಲಿ ವೇಗ 1600 ಮೆಗಾಹರ್ಟ್ಸ್ ಎಂದು ಕಂಡರೆ ಗಾಬರಿ ಬೇಡ. ಡಿಡಿಆರ್ ಎಂಬ ಇಂದಿನ ಬಗೆಯ ರ‍್ಯಾಮ್ ಒಂದು ಗಡಿಯಾರದ ಮಿಡಿತಕ್ಕೆ ಎರಡು ಬಾರಿ ಮಾಹಿತಿ ಸಾಗಿಸುತ್ತದೆ, ಆದ್ದರಿಂದ 1600 ಎಂದರೆ 3200ರ ಸ್ಟಿಕ್ಕೇ.

ಕೊನೆಗೆ ಯಂತ್ರದ ಪೂರ್ಣ ಮಾಡೆಲ್ ನಂಬರಿನ ಜೊತೆ ‘ಸರ್ವಿಸ್ ಮ್ಯಾನ್ಯುಯಲ್’ ಎಂದು ಹುಡುಕಿ. ಡೆಲ್, ಎಚ್‌ಪಿ, ಲೆನೊವೊ ಮೂರೂ ಇದನ್ನು ತಮ್ಮ ತಾಣದಲ್ಲಿ ಉಚಿತವಾಗಿ ಕೊಡುತ್ತವೆ. ಸ್ಲಾಟ್ ಎಷ್ಟು, ಗರಿಷ್ಠ ಎಷ್ಟು ಜಿಬಿ, ಯಾವ ಸ್ಕ್ರೂ ಎಲ್ಲಿದೆ, ಎಲ್ಲವೂ ಅದರಲ್ಲಿರುತ್ತದೆ.

ತಲೆಮಾರು ತಪ್ಪಿದರೆ ಎಲ್ಲ ತಪ್ಪಿದಂತೆ

ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ರ‍್ಯಾಮ್ ತಲೆಮಾರುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೂರಬಾರದೆಂದೇ ಪಿನ್ನುಗಳ ನಡುವಿನ ಕಚ್ಚನ್ನು ಬೇರೆ ಬೇರೆ ಜಾಗದಲ್ಲಿ ಕೊರೆದಿರುತ್ತಾರೆ. ಡೆಸ್ಕ್‌ಟಾಪಿನ ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4 ಮತ್ತು 5 ಎರಡಕ್ಕೂ 288. ಕೊನೆಯ ಎರಡರಲ್ಲಿ ಲೆಕ್ಕ ಒಂದೇ ಆದರೂ ಕಚ್ಚಿನ ಜಾಗ ಬೇರೆ, ಅಂಗಡಿಯಲ್ಲಿ ಅದಲುಬದಲಾಗುವುದು ಇವೇ. ಲ್ಯಾಪ್‌ಟಾಪಿನಲ್ಲಿ ಕ್ರಮವಾಗಿ 204, 260, 262.

ಪ್ರೊಸೆಸರ್ ಗೊತ್ತಿದ್ದರೆ ತಲೆಮಾರು ಊಹಿಸಬಹುದು. ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡ್‌ಗೆ ಡಿಡಿಆರ್4 ಮಾತ್ರ, ಎಎಂ5ಕ್ಕೆ ಡಿಡಿಆರ್5 ಮಾತ್ರ. ಇಂಟೆಲಿನ 12, 13, 14ನೇ ತಲೆಮಾರಿನ ಪ್ರೊಸೆಸರ್ ಎರಡನ್ನೂ ಒಪ್ಪುತ್ತದೆ, ಆದರೆ ಬೋರ್ಡ್ ಸಾಮಾನ್ಯವಾಗಿ ಒಂದನ್ನೇ ಒಪ್ಪುತ್ತದೆ. ಹಾಗಾಗಿ ಇಲ್ಲಿ ಬೋರ್ಡಿನ ಹೆಸರೇ ಮುಖ್ಯ.

ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಒಂದು ಮುಖ್ಯ ಎಚ್ಚರಿಕೆ. ಡಿಡಿಆರ್3 ನಡೆಯುವುದು 1.5 ವೋಲ್ಟಿನಲ್ಲಿ, ಡಿಡಿಆರ್3ಎಲ್ 1.35 ವೋಲ್ಟಿನಲ್ಲಿ. ನೋಡಲು ಎರಡೂ ಒಂದೇ ಥರ, ಕಚ್ಚೂ ಒಂದೇ. ಇಂಟೆಲ್ 4ನೇ ತಲೆಮಾರಿನಿಂದೀಚೆಗಿನ ಲ್ಯಾಪ್‌ಟಾಪಿಗೆ ಬರೀ ಡಿಡಿಆರ್3 ತಂದು ಹಾಕಿದರೆ ಹೆಚ್ಚಿನವು ಆನ್ ಆಗುವುದೇ ಇಲ್ಲ. ಸ್ಟಿಕ್ಕಿನ ಚೀಟಿಯ ಮೇಲೆ ‘ಪಿಸಿ3ಎಲ್’ ಎಂದು ಎಲ್ ಅಕ್ಷರ ಇರಲೇಬೇಕು.

ಇನ್ನೊಂದು: ಆಲ್-ಇನ್-ಒನ್ ಮತ್ತು ಮಿನಿ ಪಿಸಿಗಳು ಮೇಜಿನ ಮೇಲೆ ಕೂರುವುದರಿಂದ ಡೆಸ್ಕ್‌ಟಾಪ್ ಎನಿಸಿದರೂ ಒಳಗೆ ಬಹುತೇಕ ಲ್ಯಾಪ್‌ಟಾಪಿನ ಚಿಕ್ಕ ಸ್ಟಿಕ್ಕನ್ನೇ ಬಳಸುತ್ತವೆ.

ಚೀಟಿಯನ್ನು ಓದುವುದು

ಸ್ಟಿಕ್ಕಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಹೀಗೊಂದು ಸಾಲು ಇರುತ್ತದೆ: 8ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ-ಎಸ್‌ಎ2-11. ಇದನ್ನು ಬಿಡಿಸೋಣ.

8ಜಿಬಿ ಎಂದರೆ ಗಾತ್ರ. ‘1ಆರ್’ ಎಂದರೆ ಒಂದು ರ‍್ಯಾಂಕ್, ‘ಎಕ್ಸ್8’ ಎಂದರೆ ಪ್ರತಿ ಚಿಪ್ಪು 8 ಬಿಟ್ ಅಗಲದ್ದು. 64 ಬಿಟ್ ತುಂಬಲು ಅಂಥ ಎಂಟು ಚಿಪ್ಪು ಬೇಕು, ಎಣಿಸಿ ನೋಡಿದರೆ ಎಂಟೇ ಇರುತ್ತವೆ. ‘1ಆರ್‌ಎಕ್ಸ್16’ ಎಂದಿದ್ದರೆ ನಾಲ್ಕೇ ಚಿಪ್ಪು. ಅದು ಕೆಲಸ ಮಾಡುತ್ತದೆ, ಆದರೆ ಡಿಡಿಆರ್4ರಲ್ಲಿ ತುಸು ನಿಧಾನ. ಒಂದೇ ಬೆಲೆಗೆ ಎರಡೂ ಸಿಗುವುದಾದರೆ ಎಂಟು ಚಿಪ್ಪಿನದನ್ನೇ ಆರಿಸಿ. ‘ಪಿಸಿ4’ ಎಂದರೆ ಡಿಡಿಆರ್4. 3200 ವೇಗ, ಅದರ ನಂತರದ ‘ಎಎ’ ಟೈಮಿಂಗ್‌ನ (ಕೇಳಿದ ಮಾಹಿತಿ ಬರಲು ಕಾಯಬೇಕಾದ ಮಿಡಿತಗಳ) ಗುರುತು, ಅಂದರೆ ಸಿಎಲ್22. 2666ರ ಸ್ಟಿಕ್ಕಿಗೆ ‘ವಿ’ ಎಂದಿರುತ್ತದೆ, ಅದು ಸಿಎಲ್19. ಅದರ ನಂತರದ ಭಾಗ ‘ಎಸ್’ ಎಂದು ಶುರುವಾದರೆ ಲ್ಯಾಪ್‌ಟಾಪಿನದು, ‘ಯು’ ಡೆಸ್ಕ್‌ಟಾಪಿನದು, ‘ಆರ್’ ಸರ್ವರಿನ ರಿಜಿಸ್ಟರ್ಡ್ ಸ್ಟಿಕ್.

ಈ ಕೊನೆಯದು ದೊಡ್ಡ ಬಲೆ. ಬಳಸಿದ ಡಿಡಿಆರ್4 ಸರ್ವರ್ ಸ್ಟಿಕ್ಕುಗಳು ಅಗ್ಗಕ್ಕೆ ಸಿಗುತ್ತವೆ, ಡೆಸ್ಕ್‌ಟಾಪಿನ ಸ್ಲಾಟಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ, ಆದರೆ ಮನೆಯ ಕಂಪ್ಯೂಟರ್ ಅದರಲ್ಲಿ ಆನ್ ಆಗುವುದಿಲ್ಲ.

ಕೆಲವು ಕಂಪನಿಗಳು ವೇಗದ ಬದಲು ಪಿಸಿ4-25600 ಎಂದು ಬರೆಯುತ್ತವೆ. ಅದು ಸೆಕೆಂಡಿಗೆ 25,600 ಮೆಗಾಬೈಟ್ ಎಂಬ ಲೆಕ್ಕ. 8ರಿಂದ ಭಾಗಿಸಿದರೆ 3200 ಸಿಗುತ್ತದೆ.

ಜೊತೆ ಹೊಂದಿಸುವುದು

ಒಂದು 16 ಜಿಬಿ ಸ್ಟಿಕ್ಕೋ, ಎರಡು 8 ಜಿಬಿಯೋ? ಸ್ಲಾಟ್ ಎರಡಿದ್ದರೆ ಎರಡು ಸ್ಟಿಕ್ಕೇ ಮೇಲು. ಎರಡಿದ್ದಾಗ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ, ಇದನ್ನೇ ಡ್ಯುಯಲ್ ಚಾನೆಲ್ ಎನ್ನುವುದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ಇದರ ಲಾಭ ಕಣ್ಣಿಗೆ ಕಾಣುವಷ್ಟು, ಏಕೆಂದರೆ ಒಳಗಿನ ಗ್ರಾಫಿಕ್ಸಿಗೂ ಇದೇ ರ‍್ಯಾಮ್ ಆಧಾರ.

8 ಜಿಬಿ ಇರುವ ಲ್ಯಾಪ್‌ಟಾಪಿಗೆ ಇನ್ನೊಂದು 8 ಸೇರಿಸುವುದು ಎಲ್ಲಕ್ಕಿಂತ ಮಿತವ್ಯಯದ ದಾರಿ. ಅದೇ ಕಂಪನಿಯದೇ ಆಗಬೇಕೆಂದಿಲ್ಲ. ತಲೆಮಾರು, ವೋಲ್ಟೇಜ್ ಒಂದೇ ಆಗಿರಬೇಕು. ವೇಗ, ಸಿಎಲ್, ರ‍್ಯಾಂಕ್ ಹೊಂದಿದರೆ ಇನ್ನೂ ಒಳ್ಳೆಯದು. 2666 ಮತ್ತು 3200 ಜೊತೆಯಾದರೆ ಎರಡೂ 2666ರಲ್ಲಿ ನಡೆಯುತ್ತವೆ. 8 ಮತ್ತು 16 ಜೊತೆಯಾದರೆ ಇಂದಿನ ಯಂತ್ರಗಳು 16 ಜಿಬಿಯಷ್ಟನ್ನು ಜೋಡಿ ದಾರಿಯಲ್ಲೂ ಉಳಿದ 8ನ್ನು ಒಂಟಿ ದಾರಿಯಲ್ಲೂ ನಡೆಸುತ್ತವೆ, ಅದರಿಂದ ತೊಂದರೆಯಿಲ್ಲ.

ಡೆಸ್ಕ್‌ಟಾಪಿನಲ್ಲಿ, ಅದರಲ್ಲೂ ಡಿಡಿಆರ್5ರಲ್ಲಿ, ನಾಲ್ಕೂ ಸ್ಲಾಟ್ ತುಂಬುವ ಆಸೆ ಬೇಡ. ರೈಝೆನ್ 7000 ಸರಣಿಗೆ ಎಎಂಡಿ ಹೇಳುವ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕಕ್ಕೆ 3600. ನಾಲ್ಕು ಹಾಕಿ ವೇಗ ಕಳೆದುಕೊಳ್ಳುವ ಬದಲು ದೊಡ್ಡ ಎರಡನ್ನೇ ಕೊಳ್ಳಿ.

ವೇಗದ ಜೊತೆ ಸಿಎಲ್ ಅನ್ನೂ ನೋಡಬೇಕು. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡಿನಲ್ಲಿ ಕಾಯುವ ಹೊತ್ತು ಸಿಗುತ್ತದೆ. 3200 ಸಿಎಲ್22ಕ್ಕೆ 13.75, 3200 ಸಿಎಲ್16ಕ್ಕೆ 10, 6000 ಸಿಎಲ್30ಕ್ಕೂ 10. ಲ್ಯಾಪ್‌ಟಾಪಿನವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೊಳ್ಳುವಾಗ

2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಗ್ರಾಹಕ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಬೆಲೆ ಏರಿದಾಗ ನಕಲಿ ಮಾಲೂ ಹೆಚ್ಚುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಿ, ನಿಮ್ಮೂರಿನ ಅಂಗಡಿಯಲ್ಲಿ ಕೊಳ್ಳಿ, ಆನ್‌ಲೈನಿನಲ್ಲಿ ತರಿಸಿ, ಸ್ಟಿಕ್ಕಿನ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಬಿಡಬೇಡಿ. ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀನಿ’ ಎಂಬ ಮಾತಿಗೆ ಒಪ್ಪಿದರೆ ಮುಂದೆ ವಾರಂಟಿ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಹೋಗುವಾಗ ಹಳೆಯ ಸ್ಟಿಕ್ಕಿನ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಹೊಂದದಿದ್ದರೆ ಎಷ್ಟು ದಿನದೊಳಗೆ ಬದಲಿಸಿ ಕೊಡುತ್ತಾರೆ ಎಂದು ಅಲ್ಲೇ ಕೇಳಿಕೊಳ್ಳಿ.

ಲ್ಯಾಪ್‌ಟಾಪಿನಲ್ಲಿ ಕೂರಿಸುವುದು

ಬೇಕಾದವು: ಪಿಎಚ್0 ಮತ್ತು ಪಿಎಚ್1 ಅಳತೆಯ, ಪ್ಲಸ್ ಆಕಾರದ ತುದಿಯ ಸ್ಕ್ರೂ ಡ್ರೈವರ್, ಹಳೆಯ ಎಟಿಎಂ ಕಾರ್ಡ್ ಅಥವಾ ಪ್ಲಾಸ್ಟಿಕ್ ಪಟ್ಟಿ, ಸ್ಕ್ರೂ ಇಡಲು ಒಂದು ಬಟ್ಟಲು, ಚೆನ್ನಾದ ಬೆಳಕು. ಫ್ಯಾನ್ ಕೆಳಗೆ, ಹಾಸಿಗೆಯ ಮೇಲೆ ಕೂತು ಮಾಡಬೇಡಿ.

1. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಿ. ಬಯೋಸ್ (ಯಂತ್ರ ಆನ್ ಆದಾಗ ಮೊದಲು ನಡೆಯುವ ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗ್ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು.

2. ಶಿಫ್ಟ್ ಕೀಲಿ ಒತ್ತಿ ಹಿಡಿದು ‘ಶಟ್ ಡೌನ್’ ಕ್ಲಿಕ್ ಮಾಡಿ. ಹಾಗೆ ಮಾಡದಿದ್ದರೆ ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಚಾರ್ಜರ್ ತೆಗೆಯಿರಿ.

3. ತಳದ ಸ್ಕ್ರೂಗಳನ್ನು ಬಿಚ್ಚಿ, ಯಾವುದು ಎಲ್ಲಿತ್ತೋ ಅದೇ ಕ್ರಮದಲ್ಲಿ ಒಂದು ಕಾಗದದ ಮೇಲೆ ಜೋಡಿಸಿ. ಉದ್ದನೆಯ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ತೂತಿಗೆ ಹಾಕಿ ತಿರುಗಿಸಿದರೆ ಕೀಬೋರ್ಡಿನ ಪಕ್ಕ ಉಬ್ಬಿಕೊಂಡು ಬರುತ್ತದೆ. ಎಲ್ಲ ಬಿಚ್ಚಿದರೂ ತಳ ಅಲುಗದಿದ್ದರೆ ರಬ್ಬರ್ ಕಾಲುಗಳ ಕೆಳಗೆ ಇನ್ನೂ ಸ್ಕ್ರೂ ಅಡಗಿವೆ. ಬಲಪ್ರಯೋಗ ಬೇಡ.

4. ಅಂಚಿನ ಸಂದಿಗೆ ಕಾರ್ಡ್ ತೂರಿಸಿ ಸುತ್ತ ಸರಿಸಿ. ಪಟ್ ಪಟ್ ಎಂದು ಹಿಡಿಕೆಗಳು ಬಿಡುತ್ತವೆ.

5. ಬ್ಯಾಟರಿಯ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ತಲೆಯನ್ನು ಉಗುರಿನಿಂದ ಮೆಲ್ಲಗೆ ಸರಿಸಿ. ಆಮೇಲೆ ಪವರ್ ಬಟನ್ ಅನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಈ ಹಂತ ಬಿಟ್ಟು ಕೆಲಸ ಮಾಡಿದರೆ ಬೋರ್ಡೇ ಸುಡಬಹುದು.

6. ಬಾಗಿಲಿನ ಚಿಲಕವೋ ಕಿಟಕಿಯ ಸರಳೋ, ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಕಳೆದುಕೊಳ್ಳಿ. ಚಳಿಗಾಲದ ಒಣಹವೆಯಲ್ಲಿ ಸಿಂಥೆಟಿಕ್ ಸ್ವೆಟರ್ ಹಾಕಿಕೊಂಡು ಮಾಡಬೇಡಿ.

7. ಹಳೆಯದನ್ನು ತೆಗೆಯಬೇಕಿದ್ದರೆ ಎರಡೂ ಪಕ್ಕದ ಕ್ಲಿಪ್ಪುಗಳನ್ನು ಹೊರಕ್ಕೆ ಸರಿಸಿ. ಸ್ಟಿಕ್ ತಾನೇ ಏಳುತ್ತದೆ.

8. ಹೊಸ ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿದು, ಕಚ್ಚು ಹೊಂದಿಸಿ, ಸುಮಾರು 30 ಡಿಗ್ರಿ ಓರೆಯಲ್ಲಿ ಒಳಕ್ಕೆ ತಳ್ಳಿ. ಬಂಗಾರದ ಬಣ್ಣದ ಪಿನ್ನುಗಳು ಬಹುತೇಕ ಒಳಗೆ ಹೋಗಬೇಕು, ಕೂದಲೆಳೆಯಷ್ಟು ಕಂಡರೆ ಸಾಕು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕಾಣುತ್ತಿದ್ದರೆ ಸೊಟ್ಟಗೆ ಹೋಗಿದೆ, ತೆಗೆದು ಮತ್ತೆ ಹಾಕಿ. ಸರಿಯಾದ ಮೇಲೆ ಕೆಳಕ್ಕೆ ಒತ್ತಿ. ಎರಡೂ ಕ್ಲಿಪ್ ಟಕ್ಕೆಂದು ಹಿಡಿಯಬೇಕು.

9. ಬ್ಯಾಟರಿ ಜೋಡಿಸಿ, ಸದ್ಯಕ್ಕೆ ತಳ ಮುಚ್ಚಿ ಎರಡೇ ಸ್ಕ್ರೂ ಹಾಕಿ. ಚಾರ್ಜರ್ ಚುಚ್ಚಿ ಆನ್ ಮಾಡಿ. ಹಲವು ಲ್ಯಾಪ್‌ಟಾಪುಗಳು ಚಾರ್ಜರ್ ಹಾಕುವವರೆಗೂ ಏಳುವುದಿಲ್ಲ.

ಡೆಸ್ಕ್‌ಟಾಪಿನಲ್ಲಿ

ಇಲ್ಲಿ ಬಿಚ್ಚುವ ಕಷ್ಟವಿಲ್ಲ. ಎಡಪಕ್ಕದ ತಗಡು ತೆಗೆದು, ಪವರ್ ವೈರ್ ಕಿತ್ತು, ಪವರ್ ಬಟನ್ ಒತ್ತಿ, ಎಸ್‌ಎಂಪಿಎಸ್‌ನ (ವಿದ್ಯುತ್ ಪೂರೈಸುವ ಡಬ್ಬದ) ಲೋಹ ಮುಟ್ಟಿ ಶುರುಮಾಡಿ. ತಪ್ಪುವುದು ಸ್ಲಾಟಿನ ಆಯ್ಕೆಯಲ್ಲಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಸ್ಟಿಕ್ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್, ಅಂದರೆ ಎ2 ಮತ್ತು ಬಿ2. ಅಕ್ಕಪಕ್ಕದ ಸ್ಲಾಟಿಗೆ ಹಾಕಿದರೆ ಎರಡೂ ಒಂದೇ ದಾರಿಗೆ ಸೇರಿ ಡ್ಯುಯಲ್ ಚಾನೆಲ್ ಆಗುವುದಿಲ್ಲ.

ಕೆಲವು ಬೋರ್ಡುಗಳಲ್ಲಿ ಕ್ಲಿಪ್ ಒಂದೇ ಬದಿಗಿರುತ್ತದೆ, ಇನ್ನೊಂದು ಬದಿ ಮುರಿದಿಲ್ಲ. ಸ್ಟಿಕ್ಕನ್ನು ನೇರವಾಗಿ ಇಟ್ಟು ಎರಡು ಹೆಬ್ಬೆರಳುಗಳಿಂದ ಎರಡೂ ತುದಿಯನ್ನು ಒತ್ತಿ. ಬೋರ್ಡ್ ತುಸು ಬಾಗುವಷ್ಟು ಬಲ ಬೇಕಾಗುತ್ತದೆ, ಹೆದರಿ ಅರ್ಧಕ್ಕೇ ಬಿಡುವವರೇ ಹೆಚ್ಚು. ಕ್ಲಿಪ್ ತಾನಾಗಿ ಮೇಲೆದ್ದು ಹಿಡಿದುಕೊಂಡರೆ ಕೂತಂತೆ. ಕ್ಲಿಪ್ಪನ್ನು ಬೆರಳಿನಿಂದ ದೂಡಿ ಹಾಕಬೇಕಾಗಿ ಬಂದರೆ ಸ್ಟಿಕ್ ಪೂರ್ತಿ ಇಳಿದಿಲ್ಲ.

ಮೊದಲ ಸಲ ಆನ್ ಮಾಡಿದಾಗ

ಹೊಸ ರ‍್ಯಾಮ್ ಕಂಡ ಯಂತ್ರ ಅದನ್ನು ಅಳೆದು ನೋಡುತ್ತದೆ. ಡಿಡಿಆರ್5ರಲ್ಲಿ ಇದಕ್ಕೆ ಹಲವು ನಿಮಿಷ ಹಿಡಿಯಬಹುದು, ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ, ನಡುವೆ ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಲೂಬಹುದು. ಹತ್ತು ನಿಮಿಷ ಕಾಯಿರಿ.

ಪರದೆ ಬಂದ ಮೇಲೆ ಡೆಸ್ಕ್‌ಟಾಪಿನವರು ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ. ಡಬ್ಬದ ಮೇಲೆ 3600 ಎಂದಿದ್ದರೂ ಅಲ್ಲಿ 2133 ಅಥವಾ 2666 ಎಂದು ಕಂಡರೆ ಸ್ಟಿಕ್ ನಕಲಿಯಲ್ಲ. ಡಬ್ಬದ ಮೇಲಿನ ವೇಗ ಸಿಗಲು ಇಂಟೆಲ್ ಬೋರ್ಡಿನಲ್ಲಿ ಎಕ್ಸ್‌ಎಂಪಿ, ಎಎಂಡಿಯ ಡಿಡಿಆರ್5 ಬೋರ್ಡಿನಲ್ಲಿ ಎಕ್ಸ್‌ಪೋ ಎಂಬ ಪ್ರೊಫೈಲ್ ಆನ್ ಮಾಡಬೇಕು. ಅದಾದ ಮೇಲೆ ಯಂತ್ರ ಅಸ್ಥಿರವಾದರೆ ಒಂದು ಮೆಟ್ಟಿಲು ಕೆಳಗಿನ ವೇಗಕ್ಕೆ ಇಳಿಸಿ.

ಡಿಸ್‌ಪ್ಲೇ ಬರುತ್ತಿಲ್ಲವೇ?

ಹತ್ತರಲ್ಲಿ ಎಂಟು ಸಲ ಸ್ಟಿಕ್ ಸರಿಯಾಗಿ ಕೂತಿರುವುದಿಲ್ಲ ಎಂದಿಟ್ಟುಕೊಂಡೇ ಶುರುಮಾಡಿ. ವಿದ್ಯುತ್ ತೆಗೆದು, ಬಿಚ್ಚಿ, ಮತ್ತೆ ಕೂರಿಸಿ. ಆಗಲೂ ಬಾರದಿದ್ದರೆ ಹೊಸದನ್ನು ತೆಗೆದು ಹಳೆಯದೊಂದರಲ್ಲೇ ಆನ್ ಮಾಡಿ. ಹಳೆಯದರಲ್ಲಿ ಬಂದರೆ ಬೋರ್ಡ್ ಚೆನ್ನಾಗಿದೆ. ಈಗ ಹೊಸದೊಂದನ್ನೇ ಅದೇ ಸ್ಲಾಟಿಗೆ ಹಾಕಿ ನೋಡಿ. ಬರದಿದ್ದರೆ ಸ್ಟಿಕ್ ಕೆಟ್ಟಿದೆ ಅಥವಾ ಹೊಂದುತ್ತಿಲ್ಲ. ಬಂದರೆ ಅದನ್ನೇ ಎರಡನೆಯ ಸ್ಲಾಟಿಗೆ ಹಾಕಿ. ಅಲ್ಲಿ ಮಾತ್ರ ಬರದಿದ್ದರೆ ದೋಷ ಸ್ಲಾಟಿನಲ್ಲಿ. ಡೆಸ್ಕ್‌ಟಾಪಿನಲ್ಲಿ ಪ್ರೊಸೆಸರಿನ ಕೂಲರನ್ನು ಒಂದು ಕಡೆ ಅತಿಯಾಗಿ ಬಿಗಿದರೂ, ಸಾಕೆಟ್ಟಿನ ಪಿನ್ ಬಾಗಿದ್ದರೂ ಒಂದು ಚಾನೆಲ್ ಪೂರ್ತಿ ಕಾಣದೇ ಹೋಗುತ್ತದೆ. ಎರಡೂ ಸ್ಟಿಕ್ ಬಿಡಿಯಾಗಿ ನಡೆದು ಜೊತೆಯಾಗಿ ನಡೆಯದಿದ್ದರೆ ಬೋರ್ಡಿನ ಸಿಆರ್2032 ಬಟನ್ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಬಯೋಸ್ ಮರುಹೊಂದಿಸಿ. ಅದಕ್ಕೂ ಜಗ್ಗದಿದ್ದರೆ ಬಯೋಸ್ ಅಪ್‌ಡೇಟ್ ಮಾಡಿ. ಕರೆಂಟ್ ಹೋಗುವ ಭಯವಿರುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಅದಕ್ಕೆ ಕೈಹಾಕಬೇಡಿ.

ಹಳೆಯ ಸ್ಟಿಕ್ಕಿನ ಪಿನ್ನನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮಲ್ಲಿ ಎಲ್ಲ ರಿಪೇರಿಯವರೂ ಮಾಡುವ ಕೆಲಸ. ಕಪ್ಪಿಟ್ಟ ಪಿನ್ನಿಗೆ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಪಿನ್ನಿನ ಮೇಲಿನ ಚಿನ್ನದ ಪದರ ಬಹಳ ತೆಳು. ಮೆತ್ತನೆಯ ಬಿಳಿ ರಬ್ಬರಿನಿಂದ ಎರಡು ಸಲ ಹಗುರಾಗಿ ಎಳೆದು, ಉದುರಿದ ಪುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತೊಂದರೆ. ಸಿಗುವುದಾದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆ ಮೇಲು.

ಎಲ್ಲ ಸರಿಯಿದ್ದೂ ‘16 ಜಿಬಿ, 13.9 ಯೂಸಬಲ್’ ಎಂದು ತೋರಿಸಿದರೆ ಉಳಿದದ್ದನ್ನು ಒಳಗಿನ ಗ್ರಾಫಿಕ್ಸ್ ಕಾದಿರಿಸಿಕೊಂಡಿದೆ. 16ರಲ್ಲಿ 8 ಮಾತ್ರ ಯೂಸಬಲ್ ಎಂದರೆ ಸ್ಟಿಕ್ ಮತ್ತೆ ಕೂರಿಸಿ. ಜೊತೆಗೆ ‘ಸಿಸ್ಟಮ್ ಕಾನ್ಫಿಗರೇಶನ್’ ತೆರೆದು ಬೂಟ್ ವಿಭಾಗದ ಅಡ್ವಾನ್ಸ್ಡ್ ಆಯ್ಕೆಯಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ ಎದುರು ಟಿಕ್ ಇದ್ದರೆ ತೆಗೆಯಿರಿ. ವಿಂಡೋಸ್ 32 ಬಿಟ್ ಆಗಿದ್ದರೆ ಎಷ್ಟು ಹಾಕಿದರೂ 4 ಜಿಬಿಗಿಂತ ಹೆಚ್ಚು ಬಳಸುವುದಿಲ್ಲ, 64 ಬಿಟ್ ಹಾಕಿಕೊಳ್ಳಬೇಕು.

ಪರೀಕ್ಷೆ

ಆನ್ ಆಯಿತೆಂದು ಅಲ್ಲಿಗೇ ಬಿಡಬೇಡಿ. ದೋಷವಿರುವ ರ‍್ಯಾಮ್ ಚೆನ್ನಾಗಿಯೇ ನಡೆಯುತ್ತಿರುವಂತೆ ಕಾಣುತ್ತಾ, ನೀವು ಸೇವ್ ಮಾಡುವ ಫೈಲುಗಳನ್ನು ಸದ್ದಿಲ್ಲದೆ ಕೆಡಿಸಬಹುದು. ಸ್ಟಾರ್ಟ್ ಮೆನುವಿನ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಮೇಲ್ನೋಟದ ಪರೀಕ್ಷೆಗೆ ಸಾಕು. ಗಟ್ಟಿ ಪರೀಕ್ಷೆಗೆ ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಂ ಅನ್ನು ಪೆನ್ ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿ. ಪೆನ್ ಡ್ರೈವಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ಖಾಲಿಯದನ್ನೇ ಬಳಸಿ. ಉಚಿತ ಆವೃತ್ತಿ ನಾಲ್ಕು ಸುತ್ತು ನಡೆಯುತ್ತದೆ. 16 ಜಿಬಿಗೆ ಹಲವು ಗಂಟೆ ಬೇಕು, ರಾತ್ರಿ ಹಚ್ಚಿ ಮಲಗಿ. ಬೆಳಿಗ್ಗೆ ಎರರ್ ಸೊನ್ನೆ ಇರಬೇಕು, ಒಂದೇ ಒಂದು ಬಂದರೂ ಸಲ್ಲದು. ಎರರ್ ಬಂದಿದ್ದರೆ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೊಮ್ಮೆ ನಡೆಸಿ. ಆಗಲೂ ಎರರ್ ಬಂದರೆ ಬಿಡಿಬಿಡಿಯಾಗಿ ಹಾಕಿ ಯಾವ ಸ್ಟಿಕ್ ಎಂದು ಪತ್ತೆಮಾಡಿ, ಪರದೆಯ ಫೋಟೊ ತೆಗೆದು, ಬದಲಿಸುವ ಗಡುವು ಮುಗಿಯುವ ಮೊದಲೇ ಅಂಗಡಿಗೆ ಒಯ್ಯಿರಿ.

ಎರರ್ ಇಲ್ಲದಿದ್ದರೆ ಉಳಿದ ಸ್ಕ್ರೂಗಳನ್ನು ಹಾಕಿ. ತೆಗೆದ ಹಳೆಯ ಸ್ಟಿಕ್ಕನ್ನು ಹೊಸದು ಬಂದ ಪ್ಯಾಕಿನೊಳಗಿಟ್ಟು, ಚೀಟಿ ಕೀಳದೆ, ಬಿಲ್ಲಿನ ಜೊತೆ ಎತ್ತಿಡಿ. ಲ್ಯಾಪ್‌ಟಾಪನ್ನು ವಾರಂಟಿಗೆ ಕೊಡಬೇಕಾದಾಗ ಅದನ್ನೇ ಮತ್ತೆ ಹಾಕಿ ಕೊಟ್ಟರೆ ಪ್ರಶ್ನೆಗಳು ಏಳುವುದಿಲ್ಲ.